‘ಕಣ್ಣಾರೆ ನೋಡಿದ್ದೀರಾ ಮಾಷ್ಟ್ರೇ?’

ಬದಿಯಡ್ಕ ಕಡೆ ಯಾವ ಮದುವೆಗೆ ಹೋದರೂ ಊಟ ಮುಗಿಸಿ ಎಲೆಯಡಕೆ ತಟ್ಟೆಯ ಹತ್ತಿರ ಕೂತ ಕೂಡಲೇ ಯಾರಾದರೂ ಕೇಳುತ್ತಾರೆ. “ಮಾಷ್ಟ್ರೇ, ನೀವು ಮಕ್ಕಳಿಗೆ ವಿಕಾಸವಾದ ಕಲಿಸಿದವರು. ಮಂಗ ಮನುಷ್ಯ ಆದದ್ದನ್ನು ಕಣ್ಣಾರೆ ನೋಡಿದ್ದೀರಾ? ಇಲ್ಲ ಅಲ್ವಾ? ಹಾಗಾದರೆ ನಿಮ್ಮದೂ ನಂಬಿಕೆಯೇ. ನಮಗೆ ದೇವರು, ನಿಮಗೆ ಡಾರ್ವಿನ್.”

2018ರಲ್ಲಿ ಕೇಂದ್ರದ ಸಚಿವರೊಬ್ಬರೂ ಇದೇ ಧಾಟಿಯಲ್ಲಿ ಮಾತಾಡಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದು ಸರಿಯಲ್ಲ ಅಂತ ಹೇಳಿಕೆ ಕೊಟ್ಟವು. (ಇವತ್ತಿನ ಮಂಗ ಮನುಷ್ಯನಾಯಿತು ಅಂತ ವಿಜ್ಞಾನ ಹೇಳುವುದೂ ಇಲ್ಲ. ಇಬ್ಬರ ಹಿರಿಯರೂ ಒಂದೇ ಅನ್ನುತ್ತದೆ. ಅದಿರಲಿ.)

ನನ್ನ ಉತ್ತರ ತೋಟದಿಂದ ಶುರುವಾಗುತ್ತದೆ. ಮಳೆ ಜೋರಾಗುವ ಮೊದಲು ಅಡಕೆಗೆ ಮದ್ದು ಬಿಡುತ್ತೇವಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅಳತೆ ಎಷ್ಟೇ ಸರಿ ಇರಲಿ, ಡ್ರಮ್ಮಿಗೆ ಪೀಶಕತ್ತಿ ಅದ್ದಿ ನೋಡದೆ ನಮ್ಮಲ್ಲಿ ಯಾರೂ ಮರ ಹತ್ತುವುದಿಲ್ಲ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಒಂದು ವರ್ಷ ಅಂಗಡಿಯವರು “ಒಳ್ಳೇ ಸುಣ್ಣ, ನನ್ನ ಮೇಲೆ ನಂಬಿಕೆ ಇಲ್ವಾ?” ಅಂದಿದ್ದರು. ನಂಬಿಕೆ ಇತ್ತು. ಕತ್ತಿ ಮಾತ್ರ ಕೆಂಪಾಯಿತು. ಹಳೇ ಸುಣ್ಣ, ಗಾಳಿ ತಾಗಿ ಸತ್ವ ಹೋಗಿತ್ತು.

ಈ ಮದ್ದು ಬಿಡುವುದು ಮಹಾಳಿಗೆ, ಅಂದರೆ ಕೊಳೆರೋಗಕ್ಕೆ. ಅದಕ್ಕೆ ಕಾರಣ ಫೈಟಾಫ್ತೊರಾ ಅನ್ನುವ ಜೀವಿ ಅಂತ 1910ರಲ್ಲಿ ಬರೆದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಆಗ ಅದನ್ನು ಬೂಷ್ಟಿನ ಜಾತಿಗೆ ಸೇರಿಸಿದ್ದರು. ನಾನೂ ವರ್ಷಗಟ್ಟಲೆ ಶಿಲೀಂಧ್ರ ಅಂತಲೇ ಪಾಠ ಮಾಡಿದೆ. ಆಮೇಲೆ ಡಿಎನ್‌ಎ ಓದಿದವರು ಹೇಳಿದರು: ಇದು ಅಣಬೆ, ಬೂಷ್ಟುಗಳ ಬಳಗದ್ದೇ ಅಲ್ಲ, ಕಡಲಿನ ಕಂದು ಪಾಚಿಯ ಕಡೆಯದ್ದು! ಕುಂಬಳೆಯ ಕಡಲಿಗೂ ನನ್ನ ತೋಟದ ಕೊಳೆಗೂ ನೆಂಟಸ್ತನ ಇದೆ ಅಂತ ಯಾರು ಕಂಡಿದ್ದರು?

ಆ ಬಳಗ ಕವಲೊಡೆದದ್ದನ್ನು ಯಾರೂ ನೋಡಿಲ್ಲ, ನಿಜ. ಆದರೆ ನೆಂಟಸ್ತನ ತಿಳಿದರೆ ಉಪಯೋಗ ಇದೆ. ಬೂಷ್ಟನ್ನು ಕೊಲ್ಲುವ ಕೆಲವು ಮದ್ದುಗಳು ಅದರ ಮೈಯಲ್ಲಿ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ತಯಾರಾಗದ ಹಾಗೆ ತಡೆಯುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಆ ಮದ್ದು ಎಷ್ಟು ಬಿಟ್ಟರೂ ದಂಡ. ನೆಂಟಸ್ತನದ ಲೆಕ್ಕ ತಪ್ಪಾಗಿದ್ದರೆ ಕಾಯಿ ಉದುರಿ ಗೊತ್ತಾಗುತ್ತದೆ.

ನಾನೇ ಡಿಎನ್‌ಎ ಓದಿಲ್ಲ. ಓದಿದವರ ಮಾತು ನಂಬಿದ್ದೇನೆ, ಒಪ್ಪಿದೆ. ಆದರೆ ಹಳೇ ಪಾಠ ಬಿಟ್ಟದ್ದಕ್ಕೆ ನನಗೆ ಯಾರೂ ಪ್ರಾಯಶ್ಚಿತ್ತ ಹೇಳಲಿಲ್ಲ.

ಮೊನ್ನೆ ಇಷ್ಟೂ ಹೇಳಿದ ಮೇಲೆ ಭಾವ ಕೇಳಿದರು: “ಹಾಗಾದರೆ ಮಹಾಳಿಗೂ ನಮಗೂ ಸಂಬಂಧ ಉಂಟಾ?”

“ಉಂಟು ಭಾವ, ತುಂಬ ದೂರದ್ದು. ಮದುವೆಗೆ ಕರೆಯಬೇಕಾದಷ್ಟಲ್ಲ.”

“ಕರೆಯದಿದ್ದರೂ ವರ್ಷ ವರ್ಷವೂ ಬರುತ್ತದಲ್ಲ ಅದು” ಅಂದು ಇನ್ನೊಂದು ಹೋಳು ಅಡಕೆ ಬಾಯಿಗೆ ಹಾಕಿಕೊಂಡರು.