ಮಳೆ ಬುಕ್ಕಿನ ಬಲಗಡೆ ಪುಟ

ಕೊಯ್ಲು ಮುಗಿದು, ಕಣ ಗುಡಿಸಿ, ಕೊನೆಯ ಚೀಲ ಹೊಲಿದ ಮೇಲೆ ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯೋ ರೈಟರ್‌ಗೆ ಕೈಗೊಂದು ಕೆಲಸ, ಮನಸ್ಸಿಗೊಂದು ಕೆಲಸ. ಕೈ ಕಪಾತು (ಕಾಫಿ ಗಿಡದ ರೆಂಬೆ ಸವರೋದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಕಾಂಡಕೊರಕ ಹುಳ ಹಿಡಿದ ಗಿಡ ಕೀಳಿಸೋದು ಅಂತ ಓಡಾಡ್ತಿರುತ್ತೆ. ಮನಸ್ಸು ಮಾತ್ರ ಮೋಡದ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ 1ರಿಂದ 1.5 ಇಂಚು ಹೂಮಳೆ ಒಂದೇ ಸಲ ಸಿಕ್ಕಿದರೆ ಅರೇಬಿಕಾ ಜಾತಿಯ ಕಾಫಿ ಒಟ್ಟಿಗೆ ಅರಳುತ್ತೆ. ಬರೀ 20 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು) ಉದುರಿಸಿ ಮೋಡ ಹೊರಟುಹೋದರೆ ಮೊಗ್ಗು ಎದ್ದ ಹಾಗೆ ಮಾಡಿ ಅರ್ಧಕ್ಕೇ ನಿಂತುಬಿಡುತ್ತೆ. ಅರಳಿದ ಮೇಲೂ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲಲ್ಲ. ಇನ್ನೊಂದು ಜಾತಿ ರೋಬಸ್ಟಾಕ್ಕಾದರೆ ಕೆರೆ ಇದ್ದವರು ಸ್ಪ್ರಿಂಕ್ಲರ್ ಹೊಡೀತಾರೆ. ಗಿರಿ ಕಡೆಯ ಇಳಿಜಾರಿನ ಅರೇಬಿಕಾಕ್ಕೆ ಅಷ್ಟು ನೀರು ಎಲ್ಲಿಂದ ತರೋದು?

ಈ ಭಯಕ್ಕೆ ಈಗ ವಾಟ್ಸಾಪ್ ಬೇರೆ. ಸಂಜೆ ಗುಡುಗಿ ಅರ್ಧ ಗಂಟೆ ಆಗಿರಲ್ಲ, 'ನಮ್ಮಲ್ಲಿ 85 ಸೆಂಟ್', 'ಗುಡ್ಡದಾಚೆ 1 ಇಂಚು 10' ಅಂತ ಮೂಡಿಗೆರೆಯಿಂದ ಸಕಲೇಶಪುರದವರೆಗಿನ ಲೆಕ್ಕ ಬಂದು ಬೀಳುತ್ತೆ. ಇಲ್ಲಿ ಮಳೆಮಾಪಕದ ತಳದಲ್ಲಿ ಒಂದು ಸತ್ತ ನೊಣ.

ಈ ಭಯಕ್ಕೆ ನಮ್ಮ ಕೆಲಸಕ್ಕೆ ಹೊಂದುವ ಅಭ್ಯಾಸ ಒಂದಿದೆ: ದಿನಾ 15 ನಿಮಿಷ ಒಂದೇ ಕಾಫಿ ರೆಂಬೆಯ ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆಯೋದು. ಚಿತ್ರಕಲೆ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದವರಿಗೇ ಕಷ್ಟ, ಅವರು ಚೆಂದ ಮಾಡೋಕೆ ಹೋಗ್ತಾರೆ.

ಹೇಗಿದ್ದರೂ ಹಾಜರಿ ಮುಗಿಸಿ ಮಳೆ ಅಳೆಯೋಕೆ ಹೋಗ್ತೀರಿ. ಅದಕ್ಕೇ ಇದನ್ನೂ ಗಂಟು ಹಾಕಿ. 'ಸಮಯ ಸಿಕ್ಕಾಗ' ಅಂದುಕೊಂಡದ್ದು ನಾಲ್ಕನೇ ದಿನಕ್ಕೆ ನಿಲ್ಲುತ್ತೆ. ಗೆರೆ ಇಲ್ಲದ ಲಾಂಗ್ ಬುಕ್ಕಿನ ಎಡಗಡೆ ತಾರೀಖು, ಮಳೆ, ಬಲಗಡೆ ಚಿತ್ರ. 2ಬಿ ಪೆನ್ಸಿಲ್, 15 ಸೆಂಟಿಮೀಟರ್ ಸ್ಕೇಲ್ ಸಾಕು. ರಬ್ಬರ್ ಮನೇಲೇ ಇರಲಿ. ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರಾಯಿತು.

ರೆಂಬೆ ಸೊಂಟದ ಎತ್ತರದಲ್ಲಿರಲಿ, ಮಳೆಮಾಪಕದ ಹತ್ತಿರ ಇರಲಿ. ಬುಡಕ್ಕೆ ಕೆಂಪು ನೈಲಾನ್ ದಾರ ಕಟ್ಟಿ, ಕಪಾತಿನ ಆಳುಗಳಿಗೂ ಮೇಸ್ತ್ರಿಗೂ ತೋರಿಸಿಡಿ. ಇಲ್ಲದಿದ್ದರೆ ಒಂದು ಬೆಳಗ್ಗೆ ಹೋದಾಗ ದಾರ ಸಮೇತ ರೆಂಬೆ ನೆಲದಲ್ಲಿ ಬಿದ್ದಿರುತ್ತೆ. ಮುನ್ನೆಚ್ಚರಿಕೆಗೆ ಇನ್ನೊಂದು ಗಿಡದಲ್ಲೂ ಒಂದು ದಾರ ಕಟ್ಟಿರಿ.

ಮೊದಲ ಎರಡು ನಿಮಿಷ ಪೆನ್ಸಿಲ್ ಮುಟ್ಟದೆ ಬರೀ ನೋಡಿ. ಆಮೇಲೆ ತುದಿಯಿಂದ ನಾಲ್ಕು ಗಿಣ್ಣು ಮಾತ್ರ ಬರೀರಿ. ಪ್ರತಿ ಗಿಣ್ಣಿನಲ್ಲಿ ಎಲೆಯ ಕಂಕುಳಲ್ಲಿರುವ ಮೊಗ್ಗು ಎಣಿಸಿ, ಅಷ್ಟನ್ನೇ ಹಾಕಿ. ಗೊತ್ತು ಮಾಡಿಕೊಂಡ ಒಂದು ಮೊಗ್ಗಿಗೆ ದಿನಾ ಸ್ಕೇಲ್ ಹಿಡಿದು ಉದ್ದ ಬರೆದುಕೊಳ್ಳಿ. ಕೊನೆಗೆ ಬಣ್ಣದ ಬಗ್ಗೆ ಒಂದು ಸಾಲು, 'ಹಸಿರು, ತುದಿ ಸ್ವಲ್ಪ ಕಂದು' ಅನ್ನೋ ಹಾಗೆ. ಫೋನು ಜೇಬಲ್ಲೇ ಇರಲಿ, ಗುಂಪಿನ ಮಳೆ ಲೆಕ್ಕ ಆಮೇಲೆ ನೋಡಬಹುದು.

ಸ್ಕೇಲ್ ಯಾಕೆ ಅಂದರೆ, ಆಸೆ ಇರೋ ಕೈ ಮೊಗ್ಗನ್ನು ದಪ್ಪ ಮಾಡುತ್ತೆ, ಹೆದರಿದ ಕೈ ಒಣಗಿಸುತ್ತೆ. ಅರೇಬಿಕಾ ಮೊಗ್ಗು 4ರಿಂದ 6 ಮಿಲಿಮೀಟರ್ ಬೆಳೆದು ಮಳೆ ಬರೋವರೆಗೆ ಮಲಗಿಬಿಡುತ್ತೆ. ನಿನ್ನೆ 5, ಇವತ್ತು 5, ನಾಳೆಯೂ 5. ಹೊಸಬರು ಬಿಡೋದು ಇಲ್ಲೇ: 'ಏನೂ ಬದಲಾಗಿಲ್ಲ, ಏನು ಬರೆಯೋದು?' ಅಂತ. ಆದರೆ ಕೆಡುತ್ತಿದೆ ಅಂತ ರಾತ್ರಿಯಿಡೀ ಅನಿಸಿದ್ದು ಬೆಳಗ್ಗೆ ಅಲ್ಲೇ, ಅಷ್ಟೇ ಉದ್ದ ಕೂತಿರೋದನ್ನ ಕಣ್ಣಾರೆ ಕಾಣಬೇಕಾದ್ದು ಇಂಥ ದಿನಗಳಲ್ಲೇ. ಮಳೆ ಬರುತ್ತಾ ಅನ್ನೋದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಮೂರನೇ ಗಿಣ್ಣಲ್ಲಿ ಎಷ್ಟು ಮೊಗ್ಗು ಅಂದರೆ ಉತ್ತರ ಇದೆ: ಹನ್ನೊಂದು.

ಅತಿ ಕಷ್ಟದ ಪುಟ 35 ಸೆಂಟ್ ಬಿದ್ದ ಮೇಲಿನ ವಾರದ್ದು. ಮೊಗ್ಗಿನ ತುದಿ ಉಬ್ಬಿ, ಹಸಿರು ಹೋಗಿ ಬಿಳಿಚಿಕೊಳ್ಳುತ್ತೆ, ಆಮೇಲೆ ನಿಂತುಬಿಡುತ್ತೆ. ಕೆಲವು ಕಂದಾಗುತ್ತೆ. ಆ ಕಂದನ್ನೂ ಬರೀಬೇಕು, ಎಷ್ಟಿದೆಯೋ ಅಷ್ಟೇ. ಆ ವಾರ ಪುಸ್ತಕ ಮುಚ್ಚಿಟ್ಟವರು ಮತ್ತೆ ತೆರೆಯೋದು ಕಮ್ಮಿ.

ಕೆಡಿಸೋ ಅಭ್ಯಾಸಗಳು ಇನ್ನೂ ಇವೆ. ತೋಟದ ಇಡೀ ಬ್ಲಾಕ್ ಬರೆಯೋಕೆ ಹೋಗೋದು, ಫೋಟೋ ತೆಗೆದು ರಾತ್ರಿ ನೋಡಿ ಬರೆಯೋದು, ಪುಟ ತೋರಿಸಿ ಫಸಲಿನ ಅಂದಾಜು ಹೇಳೋದು. ಕೊನೆಯದ್ದು ದೊಡ್ಡ ತಪ್ಪು. ಒಂದು ರೆಂಬೆಯಿಂದ ತೋಟದ ಫಸಲು ಹೇಳೋಕಾಗಲ್ಲ. ಅದೂ ಅಲ್ಲದೆ ಧಣಿಗಳಿಗೆ ತೋರಿಸಬೇಕು ಅಂತಾದ ದಿನವೇ ಇದೂ ಒಂದು ರಿಪೋರ್ಟ್ ಆಗಿ, ಹಳೇ ಭಯ ವಾಪಸ್ ಬಂದು ಕೂರುತ್ತೆ.

ಸಾಲದ ಚಿಂತೆ ಸೇರಿ ವಾರಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ ಇದು ಪೆನ್ಸಿಲ್ಲಿನ ಕೆಲಸ ಅಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಒಳ್ಳೆ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂವು. ಆ ಬೆಳಗ್ಗೆ ನಾಲ್ಕು ಗಿಣ್ಣು ಬಿಟ್ಟು ಒಂದೇ ಹೂವು ಬರೀರಿ, ಐದು ಎಸಳು ಸಾಕು. ಎರಡು ಮೂರು ದಿನದಲ್ಲಿ ಬಾಡುತ್ತೆ, ಆಮೇಲೆ ಗುಂಡುಪಿನ್ನಿನ ತಲೆಯಷ್ಟು ಕಾಯಿ ವಾರಗಟ್ಟಲೆ ಹಾಗೇ ಇರುತ್ತೆ. ಜೂನ್ ಹೊತ್ತಿಗೆ ಪುಸ್ತಕಕ್ಕೆ ಬೂಷ್ಟು ಹಿಡಿಯೋಕೆ ಶುರು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿದರೆ ಒಳಗೇ ಬೆವರಿ ಇನ್ನೂ ಹಾಳಾಗುತ್ತೆ. ಒಲೆ ಮೇಲಿನ ಅಟ್ಟದಲ್ಲಿ, ಏಲಕ್ಕಿ ಚೀಲದ ಪಕ್ಕ ಇಟ್ಟರೆ ಹೊಗೆಗೆ ಒಣಗಿಕೊಂಡಿರುತ್ತೆ.