ತಲೆನೋವು ಸಾಲದೇ, ಮೇಲೆ ಕೊಲೆಯ ಕಾದಂಬರಿ ಬೇರೆಯೇ?

ಈ ಪ್ರಶ್ನೆ ನನ್ನನ್ನು ಹಲವು ವೇಷಗಳಲ್ಲಿ ಹುಡುಕಿಕೊಂಡು ಬರುತ್ತದೆ. "ಬದುಕಿನಲ್ಲಿ ಇರುವ ತಲೆನೋವು ಸಾಲದೇ, ಮೇಲೆ ಕೊಲೆಯ ಕಾದಂಬರಿ ಬೇರೆ ಓದಬೇಕೇ?" ಎಂಬುದು ಅದರ ಮೂಲರೂಪ. ಮೃದು ಸ್ವಭಾವದವರು "ಮನಸ್ಸಿಗೆ ಹಿತವಾದದ್ದೇನಾದರೂ ಓದಬಾರದೇ?" ಎನ್ನುತ್ತಾರೆ. ಓದಿಕೊಂಡವರು "ಇದೂ ಒಂದು ಬಗೆಯ ಪಲಾಯನವಲ್ಲವೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ತಲೆಯಾಡಿಸಿಬಿಡುತ್ತಾರೆ. ಕೆಲಸ ಕೈತಪ್ಪಿದಾಗ, ಸಾಲದ ಅರ್ಜಿ ವಾಪಸು ಬಂದಾಗ, ಮನೆಯವರೊಬ್ಬರ ತಪಾಸಣೆಯ ವರದಿಗಾಗಿ ಕಾಯುತ್ತಿರುವಾಗ ನನ್ನ ಕೈಯಲ್ಲಿ ಥ್ರಿಲ್ಲರ್ ಕಂಡವರಿಗೆಲ್ಲ ಈ ಮಾತು ಹೊಸದಾಗಿ ಹೊಳೆಯುತ್ತದೆ. ಬಾಯಿಂದ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುವುದೆಂದು ತೀರ್ಮಾನಿಸಿ ಬರೆದಿಡುತ್ತಿದ್ದೇನೆ.

ಆತಂಕವೆಂಬುದು ಕೊಡದೊಳಗಿನ ನೀರು, ಕೊಡ ಈಗಾಗಲೇ ತುಂಬಿದೆ, ಇನ್ನೊಂದು ಲೋಟ ಸುರಿದರೆ ಚೆಲ್ಲಿಹೋಗುತ್ತದೆ ಎಂಬುದು ಈ ಪ್ರಶ್ನೆಯ ಹಿಂದಿರುವ ಲೆಕ್ಕ. ಪಂದ್ಯದ ಕೊನೆಯ ನಿಮಿಷಗಳಲ್ಲಿ ಉಗುರು ಕಚ್ಚುತ್ತ ಕುಳಿತವರಿಗೆ ಯಾರೂ ಹೋಗಿ "ನಿಮಗೆ ಮನೆಯಲ್ಲಿ ಕಷ್ಟಗಳಿಲ್ಲವೇ?" ಎಂದು ವಿಚಾರಿಸುವುದಿಲ್ಲ. ಅವರು ಆಟದ ಅಭಿಮಾನಿಗಳು. ನಾನು ಮಾತ್ರ ರಕ್ತದಾಹಿ. ಪಲಾಯನದ ಆರೋಪವಂತೂ ನನಗೆ ಅರ್ಥವೇ ಆಗುವುದಿಲ್ಲ. ಓಡಿಹೋಗುವುದೇ ನನ್ನ ಉದ್ದೇಶವಾಗಿದ್ದರೆ ನನ್ನ ಬದುಕಿಗಿಂತ ಸುಖವಾದ ಲೋಕವೊಂದನ್ನು ಹುಡುಕಿಕೊಳ್ಳುತ್ತಿದ್ದೆನೇ ಹೊರತು, ನೆಲಮಾಳಿಗೆಯ ಬಾಗಿಲು ತಾನಾಗಿ ತೆರೆದುಕೊಳ್ಳುವ ಮನೆಗೆ ಯಾಕೆ ಹೋಗಲಿ?

ನನ್ನ ಪರವಾಗಿ ವಾದಿಸಲು ಬರುವವರ ಕಾಟ ಇನ್ನೂ ಹೆಚ್ಚು. ರೋಚಕ ಕಾದಂಬರಿ ಓದಿದರೆ ಬುದ್ಧಿ ಚುರುಕಾಗುತ್ತದೆ, ಸಮಸ್ಯೆಗಳನ್ನು ಬಿಡಿಸುವ ಶಕ್ತಿ ಬರುತ್ತದೆ ಎಂದು ಅವರು ಭರವಸೆ ಕೊಡುತ್ತಾರೆ. ವರ್ಷಗಟ್ಟಲೆ ಪತ್ತೇದಾರರ ಬೆನ್ನು ಹತ್ತಿ ಅಲೆದಿರುವ ನನಗೆ ಇಂದಿಗೂ ಮನೆಯ ಬೀಗದ ಕೈ ಎಲ್ಲಿಟ್ಟೆನೆಂದು ಪತ್ತೆ ಹಚ್ಚಲು ಬರುವುದಿಲ್ಲ. ಇನ್ನು ಕೆಲವರು ಒಂದು ಅಧ್ಯಯನವನ್ನು ತೋರಿಸುತ್ತಾರೆ: ಕೊರೋನಾದ ಆರಂಭದ ತಿಂಗಳುಗಳಲ್ಲಿ ಭಯಾನಕ ಚಿತ್ರಗಳ ಅಭಿಮಾನಿಗಳು ಉಳಿದವರಿಗಿಂತ ಕಡಿಮೆ ಮಾನಸಿಕ ತೊಳಲಾಟ ಅನುಭವಿಸಿದರೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯದು. ಅದು ಸಿನಿಮಾ ನೋಡುವವರ ಕುರಿತಾದದ್ದು. ಜೊತೆಗೆ, ಸಿನಿಮಾ ನೋಡಿದ್ದರಿಂದ ಅವರು ಗಟ್ಟಿಯಾದರೋ, ಗಟ್ಟಿಯಿದ್ದವರೇ ಅಂಥ ಸಿನಿಮಾ ನೋಡಿದರೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ನನಗೆ ಪ್ರಮಾಣಪತ್ರ ಬೇಕಾಗಿಲ್ಲ.

ನನಗೆ ಹೆಚ್ಚು ಹತ್ತಿರವೆನಿಸಿದ್ದು ಕಾದಂಬರಿಗೆ ಯಾವ ಸಂಬಂಧವೂ ಇಲ್ಲದ ಬೇರೊಂದು ಪ್ರಯೋಗ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ 45 ಮಂದಿ ಕಂಪ್ಯೂಟರ್ ಪರದೆಯ ಮೇಲಿನ ಕಲ್ಲುಗಳ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಊಹಿಸಬೇಕಿತ್ತು. ಹಾವು ಇದ್ದರೆ ಕೈಗೆ ನೋವಾಗುವಷ್ಟು ವಿದ್ಯುತ್ ಹಾಯುತ್ತಿತ್ತು. ಅವರ ಬೆವರನ್ನೂ ಕಣ್ಣಪಾಪೆಯ ಹಿಗ್ಗುವಿಕೆಯನ್ನೂ ಅಳೆದು ನೋಡಿದಾಗ, ಪೆಟ್ಟು ಖಂಡಿತವೆಂದು ತಿಳಿದಿದ್ದ ಹೊತ್ತಿಗಿಂತ, ಬೀಳಬಹುದು ಅಥವಾ ಬೀಳದೆಯೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಒತ್ತಡ ಎಲ್ಲಕ್ಕಿಂತ ಹೆಚ್ಚಾಗಿತ್ತು. ದಿನನಿತ್ಯದ ಹಿನ್ನಡೆಗಳಲ್ಲಿ ಹೆಚ್ಚಿನವು ಪೆಟ್ಟುಗಳಲ್ಲ, ಈ ಅರ್ಧಕ್ಕರ್ಧ ಸ್ಥಿತಿಗಳು. "ಪರಿಶೀಲನೆಯಲ್ಲಿದೆ", "ಮೇಲಿನವರನ್ನು ಕೇಳಿ ಹೇಳುತ್ತೇವೆ", "ಇನ್ನೊಂದು ಪರೀಕ್ಷೆ ಮಾಡಿಸಿ ನೋಡೋಣ". ಇವು ಎಂದು ಮುಗಿಯುತ್ತವೆಂದು ಯಾರೂ ಹೇಳುವುದಿಲ್ಲ, ಮುಗಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ.

ಕಾದಂಬರಿಯಲ್ಲೂ ಇರುವುದು ಕಾಯುವಿಕೆಯೇ. ಆದರೆ ಆ ಕಾಯುವಿಕೆಗೆ ಒಂದು ಅಳತೆಯಿದೆ. ಓದಿದ ಪುಟಗಳು ಎಡಗೈಯಲ್ಲಿ ದಪ್ಪವಾಗುತ್ತ ಹೋದಂತೆ ಉಳಿದವು ಬಲಗೈಯ ಹೆಬ್ಬೆರಳಿನಡಿ ತೆಳುವಾಗುತ್ತ ಬರುತ್ತವೆ; ಇನ್ನು ಇಷ್ಟೇ, ಇಷ್ಟರೊಳಗೆ ಎಲ್ಲವೂ ಇತ್ಯರ್ಥವಾಗಲೇಬೇಕು ಎಂಬುದು ಬೆರಳಿಗೇ ಗೊತ್ತಾಗುತ್ತದೆ. (ಪ್ರಕಾಶಕರು ಲೇಖಕರ ಮುಂದಿನ ಪುಸ್ತಕದ ಮೊದಲ ಅಧ್ಯಾಯವನ್ನು ಕೊನೆಯಲ್ಲಿ ಅಂಟಿಸಿ ಈ ಅಳತೆಯನ್ನು ಕೆಡಿಸುತ್ತಾರೆ, ಇನ್ನೂ ನಲವತ್ತು ಪುಟವಿದೆಯೆಂದು ನಂಬಿ ಕುಳಿತಾಗ ಕಥೆ ಥಟ್ಟನೆ ಮುಗಿದುಹೋಗುತ್ತದೆ. ಇದನ್ನು ನಾನು ಕ್ಷಮಿಸುವುದಿಲ್ಲ.) ಈ ಆತಂಕವನ್ನು ಯಾರೂ ನನ್ನ ಮೇಲೆ ಹೇರಿಲ್ಲ. ಬೇಡವೆನಿಸಿದರೆ ಪುಸ್ತಕ ಮುಚ್ಚಿಡಬಹುದು. ಕಚೇರಿಯಿಂದ ಬಾರದ ಉತ್ತರವನ್ನು ಹಾಗೆ ಮುಚ್ಚಿಡುವುದಕ್ಕೆ ಆಗುವುದಿಲ್ಲ.

ಇದನ್ನು ನಾನು ಮೊದಲು ಸರಿಯಾಗಿ ಯೋಚಿಸಿದ್ದು ನನ್ನ ಭಾವನ ದೆಸೆಯಿಂದ. ಒಂದು ಸಂಸ್ಥೆಯಲ್ಲಿ ಸಂದರ್ಶನಗಳೆಲ್ಲ ಮುಗಿದು, "ವಾರದೊಳಗೆ ತಿಳಿಸುತ್ತೇವೆ" ಎಂದು ಹೇಳಿಸಿಕೊಂಡು ಬಂದಿದ್ದೆ. ವಾರ ಕಳೆಯಿತು, ಅವರು ತಿಳಿಸಲಿಲ್ಲ. ಸಮಾಧಾನ ಹೇಳಲೆಂದು ಬಂದ ಭಾವನಿಗೆ ಕಂಡದ್ದು, ಕಾಲು ಚಾಚಿಕೊಂಡು ಕಾದಂಬರಿಯಲ್ಲಿ ಮುಳುಗಿದ್ದ ನಾನು. ಮನೆಯ ಬೀಗವನ್ನು ಬದಲಿಸಿದವರು ಹೊರಗಿನವರಲ್ಲ, ಒಳಗಿನವರೇ ಎಂದು ನಾಯಕಿಗೆ ಆಗ ತಾನೇ ಹೊಳೆಯುತ್ತಿತ್ತು.

"ಅವರಿಂದ ಏನೂ ಬಂದಿಲ್ಲ ಅಲ್ವಾ?" ಎಂದರು.

"ಇಲ್ಲ ಭಾವ."

"ಮತ್ತೆ ನೀನು ಇದನ್ನ ಹಿಡ್ಕೊಂಡು ಕೂತಿದ್ದೀಯಲ್ಲ!"

"ಬಂದಿಲ್ಲ ಅಂತಾನೇ ಹಿಡ್ಕೊಂಡಿದ್ದೀನಿ."

ಅವರಿಗೆ ನನ್ನ ಮೇಲೆ ನಿಜವಾದ ಕಾಳಜಿಯಿತ್ತು ಎಂಬುದರಲ್ಲಿ ಸಂದೇಹವಿಲ್ಲ. "ಇದರಲ್ಲಿ ಇರೋದು ಯಾರು ಮಾಡಿದ್ದು ಅನ್ನೋದಷ್ಟೇ ತಾನೇ? ಕೊಡಿಲ್ಲಿ, ಈಗಲೇ ಹೇಳಿಬಿಡ್ತೀನಿ, ಎದ್ದು ನಿನ್ನ ಕೆಲಸ ನೋಡು" ಎಂದು ಪುಸ್ತಕ ಕಿತ್ತುಕೊಂಡು ಕೊನೆಯ ಪುಟ ತೆರೆದರು. ಕಾದಂಬರಿಯನ್ನೇ ಓದದ ಮನುಷ್ಯ. ಕೊಲೆಗಾರ ಕೊನೆಯ ಪುಟದಲ್ಲೇ ಕುಳಿತಿರುತ್ತಾನೆಂದು ನಂಬಿದ್ದರು. ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಎಲ್ಲ ಗದ್ದಲವೂ ಅಡಗಿ, ಬದುಕುಳಿದವರು ಏನಾದರೂ ಚಿಲ್ಲರೆ ಕೆಲಸ ಮಾಡಿಕೊಂಡಿರುತ್ತಾರೆ. "ಇದೇನಿದು, ಯಾರೋ ಮುದುಕಿ ಗಿಡಕ್ಕೆ ನೀರು ಹಾಕ್ತಿದ್ದಾಳೆ" ಎಂದು ಗೊಣಗಿ, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತ ಹೊರಟರು. ಮಧ್ಯೆ ಒಂದು ಪುಟದಲ್ಲಿ ಮಾತಿಲ್ಲದೆ ನಿಂತರು. ತಾವು ಓದುತ್ತಿದ್ದೇವೆಂಬುದು ಅವರಿಗೇ ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತೀರ್ಪು ಬಂತು: "ಮೈದುನ. ಅವಳ ಗಂಡನ ತಮ್ಮ. ಆಯ್ತಲ್ಲ? ಇನ್ನು ಬೇರೆ ಕಡೆ ಅರ್ಜಿ ಹಾಕು."

ಅವರು ಹೊರಟ ಮೇಲೆ ನಾನು ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಪುಸ್ತಕ ಸಪ್ಪೆಯಾಗಬೇಕಿತ್ತು, ಆಗಲಿಲ್ಲ. ಎಲ್ಲ ತಿಳಿದಿದ್ದ ನಾನು, ಏನೂ ತಿಳಿಯದ ನಾಯಕಿ ಆ ಮೈದುನನ ಕಾರಿನ ಬಾಗಿಲು ತೆರೆದು ಪಕ್ಕದಲ್ಲಿ ಕುಳಿತುಕೊಂಡಾಗ ಅಂಗೈ ಬೆವರಿಸಿಕೊಂಡೆ. ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆ ನಡೆಸಿದ ಸಂವಾದದಲ್ಲಿ ಇದನ್ನೇ ವಿವರಿಸಿದ್ದಾರೆ. ಇಬ್ಬರು ಮಾತಾಡುತ್ತಿರುವ ಮೇಜಿನ ಕೆಳಗೆ ಬಾಂಬ್ ಇದೆ. ಅದು ನಮಗೆ ತಿಳಿಯದೆ ಸಿಡಿದರೆ ಸಿಗುವುದು 15 ಸೆಕೆಂಡಿನ ಬೆರಗು, ಮೊದಲೇ ತಿಳಿದಿದ್ದರೆ ಅದೇ ಒಣಮಾತಿಗೆ 15 ನಿಮಿಷಗಳ ತವಕ ಬರುತ್ತದೆ. ಭಾವ ತಮಗೆ ಗೊತ್ತಿಲ್ಲದೆಯೇ ನನ್ನ ಮೇಜಿನ ಕೆಳಗಿನ ಬಾಂಬನ್ನು ತೋರಿಸಿಕೊಟ್ಟು ಹೋಗಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಸಣ್ಣಕಥೆಗಳನ್ನು ಓದಿಸಿ ನೋಡಿದಾಗಲೂ, ಮುಕ್ತಾಯವನ್ನು ಮೊದಲೇ ತಿಳಿದವರು ಕಥೆಯನ್ನು ಹೆಚ್ಚು ಮೆಚ್ಚಿದ್ದರು. ಅನಂತರ ನಡೆದ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶಗಳೂ ಬಂದಿವೆ, ಆದ್ದರಿಂದ ಇದನ್ನು ಓದಿ ನನ್ನ ಪುಸ್ತಕಗಳ ಕೊನೆಯನ್ನು ಹೇಳಲು ಯಾರೂ ಓಡಿ ಬರಬೇಕಾಗಿಲ್ಲ.

ಆ ಸಂಸ್ಥೆಯ ಉತ್ತರ ಕಡೆಗೂ ಬಂತು. ಕೆಲಸ ಇಲ್ಲ ಎಂದು ಎರಡು ಸಾಲು. ಅಂದಿನಿಂದ ಕೆಲವು ಕಾಲ ನನಗೆ ಯಾವ ಥ್ರಿಲ್ಲರನ್ನೂ ಓದಲಾಗಲಿಲ್ಲ. ನಾಯಕಿ ಕತ್ತಲ ಮೆಟ್ಟಿಲಿಳಿದರೆ ಇಳಿಯಲಿ, ನನಗೇನು ಎನ್ನುವಂತಾಗಿತ್ತು. ಈ ವಿಷಯವನ್ನು ಯಾರೂ ಕೇಳುವುದಿಲ್ಲ. ಯಾಕೆ ಓದುತ್ತೀರಿ ಎಂದು ಜೀವ ಹಿಂಡುವವರಲ್ಲಿ ಒಬ್ಬರಾದರೂ "ಯಾವ ಪೆಟ್ಟಿಗೆ ಯಾವ ಪುಸ್ತಕ?" ಎಂದು ಕೇಳಿದ್ದರೆ ನಾನು ಎದ್ದು ಕುರ್ಚಿ ಹಾಕಿ ಕೂರಿಸಿ ಮಾತಾಡುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ.

ಹೊರಗಿನವರು ಕೊಲೆಯ ಕಾದಂಬರಿಯೆಂದು ಒಂದೇ ರಾಶಿಗೆ ಹಾಕುವುದರಲ್ಲಿ ಕನಿಷ್ಠ ಎರಡು ಬೇರೆ ಬೇರೆ ವಸ್ತುಗಳಿವೆ. ಸಾಹಿತ್ಯ ವಿಮರ್ಶಕ ತ್ಸ್ವೆತಾನ್ ತೊದೊರೋವ್ 1966ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರು. ಥ್ರಿಲ್ಲರಿನಲ್ಲಿ ಕೇಡು ಮುಂದೆ ಕಾದಿದೆ, ನಮ್ಮದು ಆಗಲಿರುವುದರ ಭಯ. ಹಳೆಯ ಮಾದರಿಯ ಪತ್ತೇದಾರಿಯಲ್ಲಿ ಎರಡು ಕಥೆಗಳಿವೆ, ಒಂದು ಅಪರಾಧದ್ದು, ಇನ್ನೊಂದು ತನಿಖೆಯದು. ಎರಡನೆಯದು ಶುರುವಾಗುವ ಹೊತ್ತಿಗೆ ಮೊದಲನೆಯದು ಮುಗಿದುಹೋಗಿರುತ್ತದೆ. ಅಂದರೆ, ಆಗಬಾರದ್ದು ಆಗಿಹೋದ ಮೇಲೆಯೇ ಅಲ್ಲಿ ಕೆಲಸ ಆರಂಭ. ಹೆಣ ಬಿದ್ದಾಗಿದೆ, ಅದನ್ನು ಎಬ್ಬಿಸಲು ಯಾರೂ ಹೋಗುವುದಿಲ್ಲ. ಹೇಗಾಯಿತು, ಯಾಕಾಯಿತು ಎಂದು ಒಬ್ಬರು ಶಾಂತವಾಗಿ ಕೇಳುತ್ತ ಹೋಗುತ್ತಾರೆ. ಉತ್ತರ ಬಾರದೆ ಕಾಯುತ್ತಿದ್ದ ನನಗೆ ಒಗ್ಗಿದ್ದು ಥ್ರಿಲ್ಲರ್. ಇಲ್ಲವೆಂಬ ಉತ್ತರ ಬಂದ ಮೇಲೆ, ಕೆಲವು ದಿನ ಗೋಡೆ ನೋಡಿದ ಬಳಿಕ, ಕೈ ತಾನಾಗಿ ಹೋದದ್ದು ಪತ್ತೇದಾರಿಯ ಕಡೆಗೆ.

ಅಲ್ಲಿ ಇನ್ನೊಂದು ಸೌಕರ್ಯವಿದೆ, ಅದು ನ್ಯಾಯ. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದರು. ಅಪರಾಧಿಯನ್ನು ಕಥೆಯ ಆರಂಭದ ಭಾಗದಲ್ಲೇ ಓದುಗರಿಗೆ ಪರಿಚಯಿಸಿರಬೇಕು, ಪತ್ತೇದಾರ ತನಗೆ ಸಿಕ್ಕ ಸುಳಿವನ್ನು ಬಚ್ಚಿಡಬಾರದು, ಯಾವ ಆಕಸ್ಮಿಕವೂ ಅವನ ನೆರವಿಗೆ ಬರಬಾರದು. ನನಗೆ ಕೆಲಸ ಸಿಗದಿರಲು ಕಾರಣರಾದವರು ಯಾರೆಂದು ನನಗೆ ಇಂದಿಗೂ ತಿಳಿಯದು. ಅವರನ್ನು ಮೊದಲ ಅಧ್ಯಾಯದಲ್ಲಿ ಯಾರೂ ಪರಿಚಯಿಸಲಿಲ್ಲ, ಸುಳಿವುಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿವೆ. ಕಾರಣಗಳನ್ನು ಎಲ್ಲರ ಮುಂದೆ ಇಟ್ಟು, "ನೋಡಿ, ಇವು ನಿಮ್ಮ ಕಣ್ಣೆದುರೇ ಇದ್ದವು" ಎಂದು ಹೇಳುವ ಒಂದು ಅಧ್ಯಾಯ ಎಲ್ಲಾದರೂ ಇದೆಯೆಂದರೆ, ಅದು ಸುಳ್ಳು ಕಥೆಯಲ್ಲಿದ್ದರೂ ನನಗೆ ಬೇಕು. ಇದನ್ನು ದೌರ್ಬಲ್ಯವೆನ್ನುವವರು ಎನ್ನಲಿ.

ಸಣ್ಣಪುಟ್ಟ ಅಡ್ಡಿಗಳಿಗೆ, ಅಂದರೆ ಕಂಪ್ಯೂಟರ್ ಕೆಟ್ಟು ದಿನದ ಕೆಲಸವೆಲ್ಲ ಅಳಿಸಿಹೋದದ್ದಕ್ಕೆ, ಕಣ್ಣೆದುರೇ ಬಸ್ಸು ತಪ್ಪಿದ್ದಕ್ಕೆ ಕೊಲೆಯ ಅಗತ್ಯವೇ ಇಲ್ಲ. ಇವಕ್ಕೆ ಒಳ್ಳೆಯದು ದರೋಡೆಯ ಕಥೆ. ಐದಾರು ಜನ ಸೇರಿ ತಿಂಗಳುಗಟ್ಟಲೆ ಕುಳಿತು ನಿಮಿಷ ನಿಮಿಷಕ್ಕೂ ಯೋಜನೆ ಹಾಕುತ್ತಾರೆ. ಕಾವಲುಗಾರನಿಗೆ ಅಂದೇ ಶೀತವಾಗಿ ರಜೆ ಹಾಕುತ್ತಾನೆ, ಬದಲಿಗೆ ಬಂದವನು ನಿದ್ರೆ ಮಾಡದ ಆಸಾಮಿಯಾಗಿರುತ್ತಾನೆ, ಯೋಜನೆ ಅಲ್ಲಿಗೆ ಮಣ್ಣುಪಾಲು. ಯೋಜನೆ ಹಾಕಿದಂತೆಯೇ ನಡೆದುಬಿಟ್ಟರೆ ಅಂಥ ಕಥೆಯನ್ನು ಯಾರೂ ಓದುವುದಿಲ್ಲ. ಕೆಟ್ಟ ಮೇಲೆ ಅವರು ಕೈಗೆ ಸಿಕ್ಕಿದ್ದರಲ್ಲಿ ಏನು ಮಾಡುತ್ತಾರೆಂಬುದೇ ಅದರ ಸ್ವಾರಸ್ಯ. ಬಸ್ಸು ತಪ್ಪಿದ ಸಂಜೆ ನನಗೆ ಅಂಥವರ ಸಹವಾಸ ಹಿತವೆನಿಸುತ್ತದೆ.

ಇಷ್ಟು ಹೇಳಿದ ಮೇಲೂ "ರಾತ್ರಿ ನಿದ್ರೆ ಕೆಡುವುದಿಲ್ಲವೇ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಅಧ್ಯಾಯ ಮುಗಿಸಿ ಮಲಗುತ್ತೇನೆಂದು ಹೊರಟರೆ ಕೆಡುತ್ತದೆ. ಅಧ್ಯಾಯದ ಕೊನೆಯ ಸಾಲು ಲೇಖಕರು ಬೇಕೆಂದೇ ತೋಡಿಟ್ಟ ಗುಂಡಿ. ಅಲ್ಲಿ ಯಾರೋ ಬಾಗಿಲು ತಟ್ಟಿರುತ್ತಾರೆ ಅಥವಾ ಫೋನಿನಲ್ಲಿ ಸತ್ತವರ ದನಿ ಕೇಳಿರುತ್ತದೆ. ಅಲ್ಲಿ ನಿಲ್ಲಿಸಲೇಬಾರದು. ಮುಂದಿನ ಅಧ್ಯಾಯದ ಎರಡು ಪುಟ ಓದಿ, ಬಾಗಿಲು ತಟ್ಟಿದವರು ನೆರೆಮನೆಯವರೇ ಎಂದು ಖಚಿತಪಡಿಸಿಕೊಂಡು, ಇನ್ಸ್‌ಪೆಕ್ಟರ್ ಸಾಹೇಬರು ಹಳೆಯ ಕಡತಗಳನ್ನು ತಿರುವಿಹಾಕಲು ಕುಳಿತ ಕೂಡಲೇ ಪುಟದ ಗುರುತಿಗೆ ಚೀಟಿ ಇಟ್ಟು ದೀಪ ಆರಿಸಬೇಕು. ಕಡತ ತಿರುವುವ ಪ್ಯಾರಾ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ, ಹುಡುಕಿದರೆ ಸಿಗುತ್ತದೆ.