ಸಂಕ್ರಾಂತಿ ರಜಕ್ಕೆ ಕೋಲಾರ: ಬೈಪಾಸ್ ಬಸ್ಸು, ಮುಳಬಾಗಿಲು ದೋಸೆ

ಬೆಂಗಳೂರಿನಿಂದ ಕೋಲಾರದ ಕಡೆ ಹೊರಟವರು ಬಸ್ ಮೆಟ್ಟಿಲು ಹತ್ತುವ ಮುಂಚೆ ಕಂಡಕ್ಟರನ್ನು ಒಂದು ಮಾತು ಕೇಳಿ: "ಊರೊಳಗೆ ಹೋಗುತ್ತಾ, ಬೈಪಾಸಾ?" ಹೆದ್ದಾರಿ ಅಗಲವಾದ ಮೇಲೆ ಕೋಲಾರವೂ ಮುಳಬಾಗಿಲೂ ಪಕ್ಕಕ್ಕೆ ಸರಿದುಬಿಟ್ಟಿವೆ. ಚಿತ್ತೂರು, ತಿರುಪತಿ ಕಡೆಯ ಎಷ್ಟೋ ಬಸ್ಸುಗಳು ಊರೊಳಗೆ ಮುಖ ತೋರಿಸದೆ ಹಾಗೇ ಹೋಗಿಬಿಡುತ್ತವೆ. ಹಗಲಾದರೆ ಆಟೋ ಸಿಗುತ್ತದೆ. ರಾತ್ರಿಯಾದರೆ ಫ್ಲೈಓವರ್ ಕೆಳಗೆ ನೀವು, ನಿಮ್ಮ ಲಗೇಜು, ಒಂದೆರಡು ನಾಯಿ.

ನಾವಿರುವುದು ಪುಣೆಯಲ್ಲಿ. ಹಬ್ಬಕ್ಕೆ ಊರಿಗೆ ಅಂತ ಹೊರಟವರು ಕೆ.ಆರ್.ಪುರದಲ್ಲಿ ನಿಂತಿದ್ದೆವು. ಸರ್ಕಾರಿ ಬಸ್ಸುಗಳು ಮೆಜೆಸ್ಟಿಕ್ಕಿನಲ್ಲೇ ತುಂಬಿಕೊಂಡು ಬಂದು, ನಿಲ್ಲಿಸಿದಂತೆ ಮಾಡಿ ಮುಂದೆ ಹೋಗುತ್ತಿದ್ದವು. ಅಷ್ಟರಲ್ಲಿ ಒಂದು ಖಾಸಗಿ ಬಸ್ಸು ಬಂತು. "ಕೋಲಾರ, ಕೋಲಾರ, ನಾನ್‌ಸ್ಟಾಪ್!" ಅಂತ ಬಾಗಿಲಲ್ಲಿ ಜೋತುಬಿದ್ದ ಹುಡುಗ ನಮ್ಮ ಬ್ಯಾಗನ್ನು ಕೇಳದೆಯೇ ಒಳಗೆ ಎಳೆದುಕೊಂಡ. ಆ ನಾನ್‌ಸ್ಟಾಪು ಹೊಸಕೋಟೆಯಲ್ಲಿ ಮುಕ್ಕಾಲು ಗಂಟೆ ನಿಂತಿತು. ಸೀಟು ತುಂಬಿದ ಮೇಲೆ ನಡುವೆ ಪ್ಲಾಸ್ಟಿಕ್ ಸ್ಟೂಲು ಹಾಕಿದರು, ಸ್ಟೂಲು ತುಂಬಿದ ಮೇಲೆ ಕಬ್ಬಿನ ಕಟ್ಟು ಅಡ್ಡ ಹಾಕಿ ಅದರ ಮೇಲೂ ಜನರನ್ನು ಕೂರಿಸಿದರು. ಹೊಸಕೋಟೆ ದಾಟಿ, ಇಳಿಯೋಕೆ ಆಗದ ಜಾಗ ಬಂದ ಮೇಲೆ ಟಿಕೆಟ್ ದುಡ್ಡು ಎತ್ತಲು ಶುರು. ಹಬ್ಬದ ರೇಟಂತೆ, ಮಾಮೂಲಿಗಿಂತ ಡಬಲ್. ಚೀಟಿ ಕೇಳಿದರೆ "ಚೀಟಿ ಯಾಕಣ್ಣ, ಕೋಲಾರ ಬರುತ್ತಲ್ಲ" ಅಂದ. ಕೋಲಾರ ಬಂತು, ದೂರದಲ್ಲಿ ದೀಪಗಳ ರೂಪದಲ್ಲಿ. ನಮ್ಮನ್ನು ಬೈಪಾಸಿನಲ್ಲಿ ಇಳಿಸಿ ಬಸ್ಸು ಮುಂದೆ ಹೋಯಿತು. ಬಸ್ ಸ್ಟ್ಯಾಂಡಿಗೆ ಆಟೋದವನು ಮುನ್ನೂರು ಕೇಳಿದ, ಕೊಟ್ಟೆವು. ಅಷ್ಟೊತ್ತಿಗೆ ನಮ್ಮೂರಿನ ಕೊನೆ ಬಸ್ಸು ಹೋಗಿಯಾಗಿತ್ತು.

ಹಾಗಾಗಿ ಹಬ್ಬದ ಹಿಂದಿನ ದಿನ ಹೋಗುವವರು ಕೆ.ಆರ್.ಪುರ, ಟಿನ್ ಫ್ಯಾಕ್ಟರಿ ಕಡೆ ಕಾಯುತ್ತಾ ನಿಲ್ಲಬೇಡಿ. ಉಲ್ಟಾ ಮೆಜೆಸ್ಟಿಕ್ಕಿಗೆ ಹೋಗಿಯಾದರೂ ಅಲ್ಲಿಂದಲೇ ಕೋಲಾರ ಬೋರ್ಡಿನ ಬಸ್ ಹತ್ತಿ. ಸುಮಾರು 70 ಕಿಲೋಮೀಟರಿನ ದಾರಿ, ಕೂತುಕೊಂಡು ಹೋಗುವುದಕ್ಕೂ ನಿಂತುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹೊರರಾಜ್ಯದಲ್ಲಿ ನೆಲೆಸಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನನ್ನ ಹೆಂಡತಿ ಹುಟ್ಟಿದ್ದು ಮಾಲೂರಿನಲ್ಲಿ, ಆಧಾರ್ ಮಾತ್ರ ಪುಣೆಯದು. ಅತ್ತೆ ಸೊಸೆ ಪಕ್ಕಪಕ್ಕ ಕೂತಿದ್ದರೂ ಅತ್ತೆಗೆ ಶೂನ್ಯ ಟಿಕೆಟ್ಟು, ಸೊಸೆಗೆ ಪೂರ್ತಿ ಚಾರ್ಜು. ಆಂಧ್ರಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಅತ್ತೆಗೂ ಫ್ರೀ ಇಲ್ಲ. ನಮ್ಮಮ್ಮ ಅಂಥ ಬಸ್ಸು ಬಂದರೆ ತಲೆ ಎತ್ತಿ ಕೂಡ ನೋಡುವುದಿಲ್ಲ.

ಊರಿನ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ನೆಂಟರ ಮನೆ ವಿಷಯ ನೆಂಟರಿಗೇ ಇರಲಿ. ಒಂದೆರಡು ಮಾತು ಮಾತ್ರ. ಜನವರಿಯಲ್ಲಿ ಬಂದರೆ ಅವರೆಕಾಯಿ ಕಾಲ. ಸಂಜೆಯಾದರೆ ಜಗಲಿ ಮೇಲೆ ನೆನೆಸಿದ ಕಾಳಿನ ಬೇಸಿನ್ನು ಇಟ್ಟುಕೊಂಡು ಮನೆಮಂದಿಯೆಲ್ಲಾ ಹಿತುಕುತ್ತಾ ಕೂರುತ್ತಾರೆ. ನೀವೂ ಕೂರಲೇಬೇಕು. ಅರ್ಧ ಗಂಟೆಗೆ ಹೆಬ್ಬೆರಳಿನ ತುದಿ ಸುಕ್ಕುಗಟ್ಟುತ್ತದೆ, ಬೆರಳಿಂದ ಸೊಗಡು ಹೋಗುವುದಿಲ್ಲ. ಮುದ್ದೆ ಜೊತೆ ಹಿತಕಬೇಳೆ ಸಾರು ಬಂದಾಗ ಅದೆಲ್ಲಾ ಮರೆತುಹೋಗುತ್ತದೆ. ಇನ್ನೊಂದು, ಕೆರೆ. ನಾನು ಶಾಲೆಗೆ ಹೋಗುವಾಗ ಕ್ರಿಕೆಟ್ ಆಡುತ್ತಿದ್ದ ಕೆರೆಯಂಗಳದಲ್ಲಿ ಈಗ ನೀರು ನಿಂತಿದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರಲ್ಲ, ಆ ಕೆ.ಸಿ.ವ್ಯಾಲಿ ನೀರು. ಬೋರಿನಲ್ಲಿ ನೀರು ಮೇಲೆ ಬಂದಿದೆ ಅಂತ ಚಿಕ್ಕಪ್ಪನಿಗೆ ಖುಷಿ, ಎರಡು ಸಲ ಅಲ್ಲ, ಮೂರು ಸಲ ಸಂಸ್ಕರಿಸಿ ಬಿಡಬೇಕು ಅಂತ ದೊಡ್ಡಪ್ಪನ ವಾದ. ನೋಡೋಕೆ ಚೆನ್ನಾಗಿದೆ ಅಂತ ಮಕ್ಕಳನ್ನು ಈಜಲು ಮಾತ್ರ ಇಳಿಸಬೇಡಿ.

ಪುಣೆಯಿಂದ ನಮ್ಮ ಜೊತೆ ಒಂದು ಸ್ನೇಹಿತರ ಕುಟುಂಬವೂ ಬಂದಿತ್ತು. ಹಬ್ಬದ ಮನೆಯಲ್ಲಿ ಜಾಗ ಸಾಲದೆ ಅವರಿಗೆ ಕೋಲಾರದಲ್ಲಿ ಲಾಡ್ಜ್ ಮಾಡಿದೆವು. ಫೋನಿನಲ್ಲಿ 1,200 ಅಂದವರು ಕೌಂಟರಿನಲ್ಲಿ 2,400 ಅಂದರು. "ಕಂಪನಿ ಬುಕಿಂಗ್ ಇದೆ ಸಾರ್, ನಿಮಗೋಸ್ಕರ ಕೊಡ್ತಿದ್ದೀನಿ." ಬಿಸಿನೀರು ಬೆಳಿಗ್ಗೆ ಆರರಿಂದ ಏಳು ಅಂತ ಬೋರ್ಡು ಇತ್ತು. ಆರೂವರೆಗೇ ಮುಗಿದುಹೋಯಿತು, ಅದೂ ಜನವರಿಯ ಚಳಿಯಲ್ಲಿ. ಕಿಟಕಿ ಕೆಳಗೆ ಆಗಲೇ ಟೊಮೆಟೊ ಕ್ರೇಟುಗಳ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕೋಲಾರದಲ್ಲಿ ಉಳಿಯಲೇಬೇಕಾದರೆ ಮುಖ್ಯರಸ್ತೆ ಬಿಟ್ಟು ಒಳಗಿನ ರೂಮು ಹುಡುಕಿ, ರೇಟನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಕೋಲಾರದಲ್ಲಿ ಬೆಳಿಗ್ಗೆ ಎಂಟರೊಳಗೆ ಕೋಲಾರಮ್ಮನ ಗುಡಿಗೆ ಹೋಗಿಬನ್ನಿ. ಚೋಳರ ಕಾಲದ ಗುಡಿ, ಅಮ್ಮನವರನ್ನು ಕನ್ನಡಿಯಲ್ಲಿ ನೋಡುವ ಪದ್ಧತಿ. ಅಲ್ಲೇ ಚೇಳಮ್ಮನೂ ಇದ್ದಾಳೆ, ಅವಳ ಹುಂಡಿ ನೆಲದೊಳಗೆ ಇದೆ. ಹತ್ತಿರದಲ್ಲೇ ಸೋಮೇಶ್ವರ ಗುಡಿ, ಅದರ ಕಲ್ಯಾಣ ಮಂಟಪದ ಕಂಬಗಳ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ. ಅಂತರಗಂಗೆಗೆ ಭಾನುವಾರ ಹೋಗಬೇಡಿ ಅಂತಷ್ಟೇ ಹೇಳುತ್ತೇನೆ. ಬಸವನ ಬಾಯಿಂದ ಬೀಳುವ ನೀರಿಗಿಂತ ಸೆಲ್ಫಿ ಕ್ಯೂ ಉದ್ದ ಇರುತ್ತದೆ, ಕೋತಿಗಳು ಕೈಯಲ್ಲಿರುವ ಕವರ್ ಕಸಿಯದೆ ಬಿಡುವುದಿಲ್ಲ.

ನನ್ನನ್ನು ಕೇಳಿದರೆ ಉಳಿಯಲು ಮುಳಬಾಗಿಲೇ ವಾಸಿ. ಕೋಲಾರದಿಂದ 30 ಕಿಲೋಮೀಟರ್ ಮುಂದೆ, ರೂಮು ಸಾಧಾರಣ, ಊರು ಚಿಕ್ಕದು, ಆಂಜನೇಯನ ಗುಡಿಗೆ ನಡೆದೇ ಹೋಗಬಹುದು. ಮತ್ತೆ ದೋಸೆ ಅಲ್ಲೇ ಇದೆ.

ಮುಳಬಾಗಿಲು ದೋಸೆ ಅಂತ ಬೆಂಗಳೂರಿನಲ್ಲಿ ಬೋರ್ಡು ಹಾಕಿ ಮಾರುವುದನ್ನು ತಿಂದು ತೀರ್ಮಾನ ಮಾಡಬೇಡಿ. ನಾವು ತಿಂದದ್ದು ಹಳೇ ಪೇಟೆಯ ಒಂದು ಓಣಿಯಲ್ಲಿ. ಹೆಸರಿನ ಬೋರ್ಡಿಲ್ಲ, ನಾಲ್ಕೇ ಬೆಂಚು, ಗೋಡೆಗೆ ಮಸಿ ಹಿಡಿದ ವೆಂಕಟರಮಣನ ಫೋಟೋ. ಕಾವಲಿ ಮುಂದೆ ಕೂತಿದ್ದ ಅಜ್ಜ ಯಾರ ಮುಖವನ್ನೂ ನೋಡುವುದಿಲ್ಲ. ಹಿಟ್ಟು ಹುಯ್ದು ಜಾಸ್ತಿ ಎಳೆಯುವುದಿಲ್ಲ, ಹಾಗಾಗಿ ದೋಸೆ ಅಂಗೈಗಿಂತ ಸ್ವಲ್ಪ ದೊಡ್ಡದು, ಆದರೆ ದಪ್ಪ. ಮೇಲೆ ಬೆಳ್ಳುಳ್ಳಿ ಖಾರದ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು, ಸೌಟಿನಲ್ಲಿ ತುಪ್ಪ ಬಿಡುತ್ತಾನೆ. ಅಂಚು ಗರಿಗರಿ, ನಡುವೆ ಸ್ಪಂಜಿನಂತೆ ಮೆತ್ತಗೆ. ಮೊದಲನೆಯದು ಮುಗಿಯುವಷ್ಟರಲ್ಲಿ "ಇಂಕೊಕಟಾ?" (ಇನ್ನೊಂದಾ?) ಅಂತ ತೆಲುಗಿನಲ್ಲೇ ಕೇಳಿದ, ಉತ್ತರಕ್ಕೆ ಕಾಯದೆ ಹಾಕಿಯೂ ಬಿಟ್ಟ. ನಮ್ಮ ಪುಣೆಯ ಸ್ನೇಹಿತ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ ಮೂರನೆಯದನ್ನು ಕೇಳಿದ. ಎಲ್ಲರದೂ ಸೇರಿ ಆದ ಬಿಲ್ಲು ಬೈಪಾಸಿನ ಆಟೋದವನಿಗೆ ಕೊಟ್ಟದ್ದಕ್ಕಿಂತ ಕಮ್ಮಿ. ಹತ್ತು ಗಂಟೆಗೆ ಹಿಟ್ಟು ಖಾಲಿ, ಮತ್ತೆ ಸಂಜೆಗೇ. ಚಿಲ್ಲರೆ ಇಟ್ಟುಕೊಂಡು ಹೋಗಿ, ಫೋನ್‌ಪೇ ಕೇಳಿದರೆ ಅಜ್ಜ ಆ ಕಡೆ ತಿರುಗಿಕೊಳ್ಳುತ್ತಾನೆ.

ದೋಸೆ ಮುಗಿಸಿ ಅಲ್ಲಿಂದಲೇ ಅರ್ಧ ದಿನಕ್ಕೆ ಆಟೋ ಮಾತಾಡಿಕೊಳ್ಳಿ. ಬೆಂಗಳೂರಿನಿಂದ ಟ್ಯಾಕ್ಸಿ ಪ್ಯಾಕೇಜ್ ತಗೊಂಡರೆ ಒಂದೇ ದಿನಕ್ಕೆ ಆರು ಜಾಗ ಸುತ್ತಿಸುತ್ತಾರೆ, ನೀವು ನೋಡುವುದು ಪಾರ್ಕಿಂಗನ್ನು ಮಾತ್ರ. ಕುರುಡುಮಲೆಯಲ್ಲಿ 13.5 ಅಡಿಯ ಏಕಶಿಲಾ ಗಣಪ ಇದ್ದಾನೆ, ಜನ ಅವನನ್ನು ನೋಡಿ ವಾಪಸ್ಸಾಗುತ್ತಾರೆ. ಅದೇ ಊರಿನ ಸೋಮೇಶ್ವರ ಗುಡಿಯನ್ನು ಬಿಡಬೇಡಿ. ಅರ್ಧ ಜಕಣಾಚಾರಿ, ಇನ್ನರ್ಧ ಅವನ ಮಗ ಕಟ್ಟಿದ್ದು ಅಂತ ಊರವರ ಮಾತು.

ಆವಣಿ ನನಗೆ ಎಲ್ಲಕ್ಕಿಂತ ಇಷ್ಟ. ನೊಳಂಬರ ಕಾಲದ ಗುಡಿಗಳು, ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳು. ಲಕ್ಷ್ಮಣೇಶ್ವರದ ಗೋಡೆಯ ಕೆತ್ತನೆಯನ್ನು ಬಿಸಿಲು ಏರುವ ಮುಂಚೆ ನೋಡಬೇಕು. ಲವಕುಶರು ಹುಟ್ಟಿದ್ದು ಇಲ್ಲೇ ಅನ್ನುವ ನಂಬಿಕೆ, ಬೆಟ್ಟದ ಮೇಲೆ ಸೀತೆಗೆ ಗುಡಿ ಇದೆ. ಹತ್ತುವಾಗ ನೀರು ಜೊತೆಗಿರಲಿ, ಮೇಲೆ ಅಂಗಡಿ ಸಿಗುತ್ತದೆ ಅಂದುಕೊಳ್ಳಬೇಡಿ. ಶಿವರಾತ್ರಿ ಹೊತ್ತಿಗೆ ದನಗಳ ಜಾತ್ರೆ, ಜನಜಂಗುಳಿ ಆಗದವರು ಆ ವಾರ ಈ ಕಡೆ ಬರಬೇಡಿ. ನಾನಂತೂ ಬರುವುದಿಲ್ಲ.

ಕೋಟಿಲಿಂಗೇಶ್ವರಕ್ಕೂ ಹೋಗಿದ್ದೆವು, 108 ಅಡಿ ಲಿಂಗ ಇರುವ ಕಮ್ಮಸಂದ್ರಕ್ಕೆ. ಮನೆಯಲ್ಲಿ ಹಿರಿಯರಿದ್ದರೆ ಹೋಗದೆ ವಿಧಿಯಿಲ್ಲ. ಬರಿಗಾಲಿಗೆ ಕಲ್ಲು ಕಾಯುತ್ತದೆ, ಒಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಳ್ಳಿ. ಕೆಜಿಎಫ್‌ಗೆ ಸಿನಿಮಾ ನೋಡಿ ಹೋಗುವವರಿಗೆ: ಗಣಿ ಒಳಗೆ ಇಳಿಸುತ್ತೇವೆ ಅನ್ನುವ ಯಾರ ಮಾತನ್ನೂ ನಂಬಿ ದುಡ್ಡು ಕೊಡಬೇಡಿ. ಹೊರಗಿನಿಂದ ಕಾಣುವುದು ಸೈನೈಡ್ ಗುಡ್ಡ (ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿ), ಹಳೇ ಬಂಗಲೆಗಳು, ತುಕ್ಕು ಹಿಡಿದ ಶಾಫ್ಟುಗಳು.

ವಾಪಸ್ಸಿಗೆ ಬಸ್ಸಿನ ಸಹವಾಸವೇ ಬೇಡ ಅಂತ ಬಂಗಾರಪೇಟೆಗೆ ಬಂದು ಟ್ರೈನು ಹಿಡಿದೆವು. ಟ್ರೈನಿಗೆ ಮುಂಚೆ ಒಂದು ಗಂಟೆ ಇಟ್ಟುಕೊಂಡು ಪೇಟೆಗೆ ಹೋಗಿ ಪಾನಿಪುರಿ ತಿನ್ನಿ. ನೀರು ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ, ಖಾರ ನಾಲಿಗೆಗೆ ಬಿದ್ದ ಮೇಲೆಯೇ ಗೊತ್ತಾಗುವುದು. ಸೋಮವಾರ ಬೆಳಗಿನ ಟ್ರೈನು ಮಾತ್ರ ಬೇಡ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ದಿನಾ ಕೆಲಸಕ್ಕೆ ಬೆಂಗಳೂರಿಗೆ ಓಡಾಡುತ್ತಾರೆ, ಟ್ರೈನು ಹೊರಡುವ ಮಾರಿಕುಪ್ಪಂ ಸ್ಟೇಷನ್ನಿನಲ್ಲೇ ಸೀಟು ತುಂಬಿರುತ್ತದೆ. ಸೂಟ್‌ಕೇಸು ಹಿಡಿದು ಅವರ ನಡುವೆ ನುಗ್ಗಿದರೆ ಬೈಗುಳ ಗ್ಯಾರಂಟಿ, ಅದೂ ತಮಿಳು, ತೆಲುಗು, ಕನ್ನಡ ಮೂರರಲ್ಲೂ. ಮಧ್ಯಾಹ್ನದ ಟ್ರೈನು ನೋಡಿಕೊಳ್ಳಿ. ವೈಟ್‌ಫೀಲ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಅಲ್ಲೇ ಇಳಿದುಬಿಡಿ, ಪಕ್ಕದಲ್ಲೇ ಮೆಟ್ರೊ ಇದೆ, ಮೆಜೆಸ್ಟಿಕ್ಕಿಗೆ ಗಾಡಿ ಬದಲಿಸದೆ ಹೋಗಬಹುದು.